ಅಮ್ಮನ ಹಲ್ಲು, ನನ್ನ ಡ್ರಾಯರ್

"ಆ ಡಾಕ್ಟರಮ್ಮಂಗೆ ಹಲ್ಲು ಕೀಳಕ್ಕೇ ಬರಕಿಲ್ಲ ಕಣಪ್ಪ. ಬಾಯಿ ಬಿಡ್ಸಿ ನೋಡಿದ್ಲು, ಆಮೇಲೆ ಎದೆ ನೋಡಿದ್ಲು, ಇವತ್ತು ಆಗಲ್ಲ ಎದ್ದೋಗಿ ಅಂದ್ಬುಟ್ಲು."

ಕಳೆದ ವರ್ಷ ನಮ್ಮ ಕಡೆ ಆಲೂಗಡ್ಡೆ ಕೀಳುವ ಹೊತ್ತು. ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ ಅಮ್ಮನ ಫೋನು. ದನಿಯಲ್ಲಿ ನೋವಿಗಿಂತ ಅವಮಾನವೇ ಜಾಸ್ತಿ ಇತ್ತು. ಮಲ್ಲಿಪಟ್ಟಣದಿಂದ ಬಸ್ಸು ಹತ್ತಿ ಅರಕಲಗೂಡಿಗೆ ಹೋಗಿ, ಒಂದೂವರೆ ಗಂಟೆ ಬೆಂಚಿನ ಮೇಲೆ ಕಾದು, ಕುರ್ಚಿ ಮೇಲೆ ಮಲಗಿ, ಹಲ್ಲು ಹಂಗೇ ಇಟ್ಟುಕೊಂಡು ವಾಪಸ್ ಬಂದಿದ್ದಳು.

"ಎದೆ ಯಾಕೆ ನೋಡಿದ್ರಂತೆ?" ಅಂದೆ.

"ಕುತ್ತಿಗೆ ಹತ್ರ ಗಾಯದ ಗುರುತು ಐತಲ್ಲ, ಅದ ನೋಡಿ 'ಇದೇನಮ್ಮ' ಅಂದ್ಲು. ವಾಲ್ವ್ ಹಾಕವ್ರೆ ಅಂದೆ. ಅಷ್ಟಕ್ಕೇ ಕೈಲಿದ್ದ ಇಕ್ಕಳ ಕೆಳಗಿಟ್ಟು, ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ ನಂಗೇ ಬೈದ್ಲು. ಹಲ್ಲಿಗೂ ಹಾರ್ಟಿಗೂ ಏನ್ಲಾ ಸಂಬಂಧ?"

ನನ್ನ ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಉಳಿಯಿತು. ಯಾಕೆಂದರೆ ಏನು ಸಂಬಂಧ ಅಂತ ನನಗೆ ಗೊತ್ತಿತ್ತು. 2019ರಿಂದಲೂ ಗೊತ್ತಿತ್ತು.

*

ಅಮ್ಮನ ಹೃದಯದ ಕಥೆ ಅವಳು ಐದನೇ ಕ್ಲಾಸಿನಲ್ಲಿದ್ದಾಗ, 1983ರ ಸುಮಾರಿಗೆ ಶುರುವಾದದ್ದು. ಗಂಟಲು ನೋವು ಬಂತಂತೆ, ಹೋಯ್ತಂತೆ. ಎರಡು ಮೂರು ವಾರಕ್ಕೆ ಮಂಡಿ ಊದಿಕೊಂಡಿತು. ಮಂಡಿ ಇಳಿದ ಮೇಲೆ ಹಿಮ್ಮಡಿ ಕೀಲು, ಆಮೇಲೆ ಮೊಣಕೈ. ಅಜ್ಜಿ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. "ಬೆಳೆಯೋ ಹುಡ್ಗಿ, ಕೈಕಾಲು ನೋವು ಇದ್ದದ್ದೇ" ಅಂದರು ಎಲ್ಲರೂ. ನೋವು ಹೋಯಿತು, ಎಲ್ಲರೂ ಮರೆತರು. ರುಮ್ಯಾಟಿಕ್ ಜ್ವರ ಮಾಡುವುದೇ ಹಾಗಂತೆ... ಕೀಲನ್ನು ನೆಕ್ಕಿ ಹೋಗುತ್ತದೆ, ಹೃದಯವನ್ನು ಕಚ್ಚಿ ಹೋಗುತ್ತದೆ. ಆಗಲೇ ಗುರುತು ಹಿಡಿದು ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾ ಬಂದಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ.

2019ರಲ್ಲಿ ಬೆಂಗಳೂರಿನ ಜಯದೇವದಲ್ಲಿ ಅಮ್ಮನ ಮೈಟ್ರಲ್ ವಾಲ್ವ್ ಬದಲಾಯಿಸಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಚನ್ನರಾಯಪಟ್ಟಣ ತಾಲ್ಲೂಕಿನವರು. "ನಮ್ಮ ಜಿಲ್ಲೆಯೋರೇ" ಅನ್ನುವುದೇ ಅಮ್ಮನಿಗೆ ಅರ್ಧ ಧೈರ್ಯ. ಅಲ್ಲಿ ಇಂಥ ಎಷ್ಟೋ ಜನಕ್ಕೆ ಎದೆ ಕುಯ್ಯದೆ ಬಲೂನಿನಲ್ಲೇ ವಾಲ್ವ್ ಅಗಲ ಮಾಡಿ ಕಳಿಸುತ್ತಾರೆ. ಅಮ್ಮನದು ಆ ಹಂತ ದಾಟಿತ್ತು, ವಾಲ್ವ್ ಸುಣ್ಣಗಟ್ಟಿತ್ತು. ಹೊಸದು ಬಂತು. ಎರಡು ಕಾರ್ಬನ್ ರೆಕ್ಕೆಗಳ, ಟಿಕ್ ಟಿಕ್ ಅನ್ನುವ ವಾಲ್ವು.

ಊರಿನಲ್ಲಿ ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತರೆ ಆ ಸದ್ದು ಪಕ್ಕದಲ್ಲಿ ಮಲಗಿದವರಿಗೆ ಕೇಳಿಸುತ್ತದೆ. ಮೊದಮೊದಲು ನನಗೆ ನಿದ್ದೆ ಬರುತ್ತಿರಲಿಲ್ಲ. ಈಗ ಆ ಸದ್ದು ಕೇಳಿಸದಿದ್ದರೆ ಬರುವುದಿಲ್ಲ.

*

ಫೋನಿನಲ್ಲಿ ಅಮ್ಮನಿಗೆ ಸಣ್ಣದೊಂದು ಭಾಷಣ ಕೊಟ್ಟೆ. ವಾಲ್ವ್ ಹಾಕಿಸಿಕೊಂಡವರು ಹಲ್ಲು ಕೀಳಿಸುವ ಮುಂಚೆ ಆಂಟಿಬಯಾಟಿಕ್ ತಗೋಬೇಕು, ಆ ಡಾಕ್ಟರು ಮಾಡಿದ್ದೇ ಸರಿ, ಅವರ ಕಾಲಿಗೆ ಬೀಳಬೇಕು ನೀನು, ಇತ್ಯಾದಿ. ಅಮ್ಮ ಎಲ್ಲಾ ಕೇಳಿಸಿಕೊಂಡು ತಣ್ಣಗೆ ಒಂದು ಮಾತು ಹೇಳಿದಳು.

"ಹೋದ್ಸಲ ಕಿತ್ತೋರು ಏನೂ ಕೇಳ್ಳೇ ಇಲ್ವಲ್ಲ."

"ಯಾವ ಹೋದ್ಸಲ?!"

2022ರಲ್ಲಿ, ನಾನು ಪ್ರಾಜೆಕ್ಟು ಪ್ರಾಜೆಕ್ಟು ಅಂತ ನಾಲ್ಕು ತಿಂಗಳು ಊರ ಕಡೆ ತಲೆ ಹಾಕದೆ ಇದ್ದಾಗ, ಅಮ್ಮ ಮದುವೆಗೆಂದು ಹೋದ ಯಾವುದೋ ಊರಲ್ಲಿ ನೋವು ತಡೆಯದೆ ಒಂದು ದವಡೆ ಹಲ್ಲು ಕೀಳಿಸಿಕೊಂಡಿದ್ದಳು. ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ರಕ್ತ ಎರಡು ದಿನ ನಿಲ್ಲಲಿಲ್ಲವಂತೆ, ಅಷ್ಟೆ. ಬೇರೇನೂ ಆಗಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಅಂದರೆ, "ಹಲ್ಲು ಕಿತ್ತಿದ್ದನ್ನೂ ಬೆಂಗ್ಳೂರಿಗೆ ಫೋನ್ ಮಾಡಿ ಹೇಳ್ತಾರೇನ್ಲಾ?"

ಆ ಸಂಜೆ ರೂಮಿಗೆ ಬಂದು ಟೇಬಲ್ಲಿನ ಡ್ರಾಯರ್ ಎಳೆದೆ. 'ಅಮ್ಮ - ಮೆಡಿಕಲ್' ಅಂತ ಬರೆದ ಫೈಲು. ಅದರೊಳಗೆ ಡಿಸ್ಚಾರ್ಜ್ ಸಾರಾಂಶ, ಎಕೋ ರಿಪೋರ್ಟು, ವಾಲ್ವಿನ ನಂಬರ್ ಇರುವ ಕಾರ್ಡು. ಹಲ್ಲಿನ ಚಿಕಿತ್ಸೆಗೆ ಮುಂಚೆ ಏನು ಮಾಡಬೇಕು ಅಂತ ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆ. 2019ರಲ್ಲಿ ಆಸ್ಪತ್ರೆಯಿಂದ ಬಿಡುವಾಗ ಅದನ್ನೆಲ್ಲ ಇಸಿದುಕೊಂಡವನು ನಾನೇ. ಓದಿದವನೂ ನಾನೇ. "ಊರಲ್ಲಿದ್ರೆ ಕಳೆದುಹೋಗುತ್ತೆ" ಅಂತ ಬೆಂಗಳೂರಿಗೆ ತಂದವನೂ ನಾನೇ. ಸ್ಕ್ಯಾನ್ ಮಾಡಿ ಎರಡು ಕಡೆ ಬ್ಯಾಕಪ್ ಬೇರೆ ಇಟ್ಟಿದ್ದೆ! ಅದು ಯಾರ ಬಾಯಲ್ಲಿ ಇರಬೇಕಿತ್ತೋ ಅವರ ಹತ್ತಿರ ಮಾತ್ರ ಇರಲಿಲ್ಲ. ಕೆಲಸದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ರಿವ್ಯೂನಲ್ಲಿ ನಾನೇ ಜನ್ಮ ಜಾಲಾಡುತ್ತಿದ್ದೆ.

*

ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ ಅನ್ನುವುದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಅವರ ಡಾಕ್ಟರನ್ನೇ ಕೇಳಿ.

ನಮ್ಮ ಬಾಯಿ ತುಂಬ ಬ್ಯಾಕ್ಟೀರಿಯಾ. ಒಸಡಿನಲ್ಲಿ ರಕ್ತ ಬರುವಂಥದ್ದೇನು ಮಾಡಿದರೂ ಅವು ರಕ್ತಕ್ಕೆ ಇಳಿಯುತ್ತವೆ. ಹಲ್ಲು ಕಿತ್ತ ಮೇಲೆ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಅವು ಸಿಗುತ್ತವೆ ಅಂತ ಲಂಡನ್ನಿನ ವೈದ್ಯರು 1935ರಲ್ಲೇ ತೋರಿಸಿದ್ದರು. ನಿಮಗೂ ನನಗೂ ಅದರಿಂದ ಏನೂ ಆಗುವುದಿಲ್ಲ, ಸ್ವಲ್ಪ ಹೊತ್ತಿಗೆ ಮೈಯೇ ಅವನ್ನು ಒರೆಸಿ ಹಾಕುತ್ತದೆ. ಆದರೆ ಒಳಗೆ ಕೃತಕ ವಾಲ್ವ್ ಇದ್ದರೆ ಅದಕ್ಕೆ ಅಂಟಿಕೊಂಡು ಗೂಡು ಕಟ್ಟಬಹುದು. ಅದಕ್ಕೆ ಎಂಡೋಕಾರ್ಡೈಟಿಸ್ ಅನ್ನುತ್ತಾರೆ. ಆಗುವುದು ಅಪರೂಪ. ಆದರೆ ಆದವರಿಗೆ ಆರು ವಾರ ರಕ್ತನಾಳದ ಮೂಲಕ ಔಷಧಿ, ಎಷ್ಟೋ ಸಲ ಮತ್ತೆ ಆಪರೇಷನ್ನು. ಐದಾರು ಜನರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ.

ವಿಚಿತ್ರ ನೋಡಿ, ಗಂಟಲು ನೋವು ತಂದು ಅಮ್ಮನ ವಾಲ್ವ್ ಕೆಡಿಸಿದ್ದು ಸ್ಟ್ರೆಪ್ಟೋಕಾಕಸ್ ಅನ್ನುವ ಮನೆತನದ ಒಬ್ಬ. ಹಲ್ಲಿನ ಸಂದಿಯಲ್ಲಿ ಕೂತು ಹೊಸ ವಾಲ್ವಿನ ಮೇಲೆ ಕಣ್ಣಿಟ್ಟಿರುವುದು ಅದೇ ಮನೆತನದ ಇನ್ನೊಬ್ಬ.

ಇದು ಬರೀ ಓದಿದ್ದಲ್ಲ. 2019ರಲ್ಲಿ ಅಮ್ಮನ ಪಕ್ಕದ ಹಾಸಿಗೆಯಲ್ಲಿ ಹೊಳೆನರಸೀಪುರದ ಕಡೆಯ ಒಬ್ಬರು ಇದ್ದರು, ನಲವತ್ತರ ಆಸುಪಾಸು. ಅವರಿಗೆ ವಾಲ್ವ್ ಹಾಕಿ ಕೆಲವು ವರ್ಷಗಳಾಗಿದ್ದವು. ತಿಂಗಳುಗಟ್ಟಲೆ ಸಂಜೆ ಜ್ವರ. ಊರಲ್ಲಿ ಟೈಫಾಯ್ಡು ಅಂತ ಒಂದಾದ ಮೇಲೊಂದು ಮಾತ್ರೆ ನುಂಗಿದ್ದರು. ಬರುವ ಹೊತ್ತಿಗೆ ವಾಲ್ವಿನ ಮೇಲೆ ಗೂಡು ಕಟ್ಟಿಯಾಗಿತ್ತು. ಅವರ ಮಗಳು ಪಿಯುಸಿ ಹುಡುಗಿ, ರಾತ್ರಿ ಕಾರಿಡಾರಿನಲ್ಲಿ ಕೂತು ಓದುತ್ತಿದ್ದಳು. ಒಂದು ಬೆಳಿಗ್ಗೆ ಅವರನ್ನು ಐಸಿಯುಗೆ ಒಯ್ದರು. ವಾಪಸ್ ಬರಲಿಲ್ಲ. ಹಾಸಿಗೆಗೆ ಹೊಸ ಚಾದರ ಹಾಸಿದ್ದನ್ನು ಅಮ್ಮ ನೋಡಿ ಆ ಕಡೆ ಮಗ್ಗುಲಾದಳು. ಆ ಹೆಂಗಸಿಗೆ ಹಲ್ಲಿನಿಂದಲೇ ಬಂತು ಅಂತ ಯಾರೂ ಹೇಳಲಿಲ್ಲ, ಹೇಳುವುದಕ್ಕೂ ಆಗುವುದಿಲ್ಲ. ಆದರೆ ಅಮ್ಮ "ಹೋದ್ಸಲ ಕಿತ್ತೋರು" ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಚಾದರ.

*

ಹಾಗಾದರೆ ಮುಂಚೆಯೇ ಆಂಟಿಬಯಾಟಿಕ್ ಕೊಟ್ಟುಬಿಟ್ಟರೆ? ಈ ಯೋಚನೆ ಹಳೆಯದೇ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 1955ರಲ್ಲೇ ಈ ಸಲಹೆ ಕೊಟ್ಟಿತ್ತು. ಆಮೇಲೆ ಐವತ್ತು ವರ್ಷ ವಾಲ್ವಿನಲ್ಲಿ ಸಣ್ಣ ದೋಷ ಇದ್ದವರಿಗೂ ಕೊಡುತ್ತಿದ್ದರು. ಕಷ್ಟ ಏನೆಂದರೆ, ಹಲ್ಲುಜ್ಜುವಾಗ, ಚಕ್ಕುಲಿ ಕಡಿಯುವಾಗ ಕೂಡ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ವರ್ಷಕ್ಕೊಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಕ್ಕಿಂತ ದಿನಾ ಹೀಗೆ ಇಳಿಯುವ ಲೆಕ್ಕವೇ ದೊಡ್ಡದು. ಎಲ್ಲರಿಗೂ ಮಾತ್ರೆ ಕೊಟ್ಟರೆ ಅಲರ್ಜಿ, ಭೇದಿ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ.

ಅದಕ್ಕೇ 2007ರಲ್ಲಿ ಅವರು ಪಟ್ಟಿಯನ್ನು ಕತ್ತರಿಸಿ ತುಂಬಾ ಚಿಕ್ಕದು ಮಾಡಿದರು. ಕೃತಕ ವಾಲ್ವ್ ಇರುವವರು, ಹಿಂದೊಮ್ಮೆ ಎಂಡೋಕಾರ್ಡೈಟಿಸ್ ಆದವರು, ಹುಟ್ಟಿನಿಂದ ಬಂದ ಕೆಲವು ಗಂಭೀರ ಹೃದಯದೋಷ ಇರುವವರು, ಹೃದಯ ಕಸಿ ಮಾಡಿಸಿಕೊಂಡು ವಾಲ್ವ್ ಕೆಟ್ಟವರು. ಹೆಚ್ಚುಕಡಿಮೆ ಇಷ್ಟೇ. 2008ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ಇನ್ನೂ ಮುಂದೆ ಹೋಗಿ ಇವರಿಗೂ ಬೇಡ ಅಂದಿತು. ಜಗಳ ಶುರುವಾಯಿತು. 2016ರಲ್ಲಿ ಅದೇ ವಾಕ್ಯಕ್ಕೆ "ವಾಡಿಕೆಯಾಗಿ" ಅನ್ನುವ ಒಂದೇ ಒಂದು ಪದ ಸೇರಿಸಿ, ವಾಡಿಕೆಯಾಗಿ ಬೇಡ ಅಂತ ತಿದ್ದಿದರು. ಒಂದು ಪದ ಸೇರಿಸಿ ಬಗ್ ಸರಿಮಾಡುವ ಕಲೆ ನಮ್ಮವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ :-)

ಹೀಗೆ ಕೊಟ್ಟು, ಕೊಡದೆ ನೋಡಿ ತೂಗಿದ ದೊಡ್ಡ ಪ್ರಯೋಗ ಇದುವರೆಗೂ ಆಗಿಲ್ಲ. ಆದರೆ ಲಕ್ಷಾಂತರ ಜನರ ದಾಖಲೆ ಹುಡುಕಿ ಅಮೆರಿಕದಲ್ಲಿ 2022ರಲ್ಲಿ ಬಂದ ಅಧ್ಯಯನ, ಅಪಾಯ ಹೆಚ್ಚಿರುವವರಿಗೆ, ಅದರಲ್ಲೂ ಹಲ್ಲು ಕೀಳಿಸುವಾಗ, ಇದರಿಂದ ರಕ್ಷಣೆ ಇದೆ ಅಂತ ಹೇಳಿತು. 2023ರಲ್ಲಿ ಯುರೋಪಿನ ಹೃದ್ರೋಗ ತಜ್ಞರೂ ಇಂಥವರಿಗೆ ಕೊಡಲೇಬೇಕು ಅಂತ ಗಟ್ಟಿಯಾಗಿ ಬರೆದರು. ಅಮ್ಮ ಆ ಚಿಕ್ಕ ಪಟ್ಟಿಯ ಮೊದಲ ಸಾಲಿನಲ್ಲಿದ್ದಾಳೆ.

*

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದೆ. ಶನಿವಾರ ಹಾಸನದಲ್ಲಿ ಅಮ್ಮನ ಐಎನ್‌ಆರ್ ಮಾಡಿಸಿದೆವು, 2.8 ಬಂತು. ಅದು ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳುವ ಲೆಕ್ಕ. ಹೃದಯದ ಡಾಕ್ಟರಿಗೆ ಫೋನ್ ಮಾಡಿದಾಗ ಒಂದು ಮಾತು ಒತ್ತಿ ಹೇಳಿದರು. ರಕ್ತ ಬರುತ್ತೆ ಅಂತ ಹೆದರಿ ನಿಮ್ಮಷ್ಟಕ್ಕೆ ನೀವೇ ಅಸಿಟ್ರೋಮ್ ನಿಲ್ಲಿಸಬೇಡಿ, ಅದು ಹಲ್ಲಿಗಿಂತ ದೊಡ್ಡ ಅಪಾಯ ಅಂತ. ಆ ಮಾತ್ರೆ ಬಿಟ್ಟರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಹುದು.

ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಕೊಟ್ಟೆ. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ನಾಲ್ಕು.

"ನಾಲ್ಕೇ ಸಾಕಾ? ಸ್ಟ್ರಿಪ್ ಪೂರ್ತಿ ತಗೊಳ್ಳಿ ಸಾರ್. ಬೆಳಿಗ್ಗೆ ಒಂದು ರಾತ್ರಿ ಒಂದು, ಐದು ದಿನ ಹಾಕ್ಲಿ."

"ಇಲ್ಲ, ನಾಲ್ಕನ್ನೂ ಒಟ್ಟಿಗೇ. ಅಷ್ಟೇ."

ಅವರು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. ಆದರೆ ಕ್ರಮ ಇರುವುದೇ ಹಾಗೆ. ಚಿಕಿತ್ಸೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ 2 ಗ್ರಾಂ, ಒಂದೇ ಸಲ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುವ ಹೊತ್ತಿಗೆ ಔಷಧಿ ಅಲ್ಲಿ ಮೊದಲೇ ಕಾವಲು ನಿಂತಿರಬೇಕು. ಕಳ್ಳ ಬಂದು ಹೋದ ಮೇಲೆ ಐದು ದಿನ ಲಾಠಿ ಹಿಡಿದು ಓಡಾಡಿದರೆ ಏನು ಉಪಯೋಗ? ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಔಷಧಿ. ಹಿಂದೆ ಅದಕ್ಕೆ ಕ್ಲಿಂಡಾಮೈಸಿನ್ ಕೊಡುತ್ತಿದ್ದರು, 2021ರಲ್ಲಿ ಅಮೆರಿಕದವರು ಅದನ್ನು ಪಟ್ಟಿಯಿಂದ ತೆಗೆದರು. ಅದರಿಂದ ಆಗುವ ತೊಂದರೆಯೇ ಹೆಚ್ಚು ಅಂತ. ರುಮ್ಯಾಟಿಕ್ ಜ್ವರಕ್ಕೆ ತಿಂಗಳ ಪೆನಿಸಿಲಿನ್ ಇಂಜೆಕ್ಷನ್ ಇನ್ನೂ ನಡೆಯುತ್ತಿರುವವರಿಗೂ ಸಾಮಾನ್ಯವಾಗಿ ಬೇರೆ ಜಾತಿಯ ಔಷಧಿಯನ್ನೇ ಆರಿಸುತ್ತಾರೆ. ಅವರ ಬಾಯಿಯ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಪಳಗಿಬಿಟ್ಟಿರಬಹುದು.

ಸೋಮವಾರ ರಜೆ ಹಾಕಿದೆ. ಒಂಬತ್ತೂವರೆಗೆ ಮನೆಯ ಜಗಲಿ ಮೇಲೆ ಕೂತು ಅಮ್ಮ ನಾಲ್ಕು ಮಾತ್ರೆಯನ್ನು ಒಂದೊಂದಾಗಿ ನುಂಗಿದಳು. ನಾನು ಮೊಬೈಲಿನಲ್ಲಿ ಅಲಾರಾಂ ಇಟ್ಟೆ. ಬಸ್ಸು ಕಾದರೆ ಹೊತ್ತಾಗುತ್ತೆ ಅಂತ ಪಕ್ಕದ ಮನೆಯವರ ಕಾರು ಇಸಿದುಕೊಂಡಿದ್ದೆ. ಹತ್ತೂವರೆಗೆ ಅಮ್ಮ ಕುರ್ಚಿಯ ಮೇಲೆ. ಡಾಕ್ಟರಮ್ಮ ನನ್ನ ವಯಸ್ಸಿನವರೇ ಇರಬೇಕು. ಮಾತ್ರೆ ಎಷ್ಟು ಗಂಟೆಗೆ ತಗೊಂಡ್ರಿ ಅಂತ ಕೇಳಿ ಬರೆದುಕೊಂಡರು. ಹಲ್ಲು ಕಿತ್ತಿದ್ದು ಹತ್ತೇ ನಿಮಿಷ. ಒಂದು ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ರಕ್ತ ನಿಂತಿದ್ದು ನೋಡಿಕೊಂಡೇ ಕಳಿಸಿದರು.

ಹೊರಡುವಾಗ ಅವತ್ತಿನ ದಿನಕ್ಕೆ ಥ್ಯಾಂಕ್ಸ್ ಹೇಳಿದೆ. ಅವರು ನಕ್ಕು, "ನಿಮ್ಮಮ್ಮಂಗೆ ಕೋಪ ಬಂದಿತ್ತು ಅಲ್ವಾ? ಆ ಗಾಯದ ಗುರುತು ಸೆರಗಿನಲ್ಲಿ ಮುಚ್ಚಿದ್ದಿದ್ರೆ ನಾನೂ ಕಿತ್ತುಬಿಡ್ತಿದ್ದೆ. ಅವತ್ತಿಂದ ಯಾರೇ ಬರಲಿ, ಬಾಯಿ ನೋಡೋಕೆ ಮುಂಚೆ ಹೃದಯ ಕೇಳ್ತೀನಿ" ಅಂದರು. ಅಮ್ಮನ ಬಾಯಲ್ಲಿ ಹತ್ತಿ ಇತ್ತು, ಇಲ್ಲದಿದ್ದರೆ ಏನಾದರೂ ಅಂದಿರುತ್ತಿದ್ದಳು.

*

ಊರಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಸಂಜೆಗೇ ಪಕ್ಕದ ಮನೆ ದೊಡ್ಡಪ್ಪ ಬಂದರು, ಕಾರು ಕೊಟ್ಟವರು. "ನಂಗೂ ಸ್ಟೆಂಟ್ ಹಾಕವ್ರೆ ಕಣಪ್ಪ. ಮುಂದಿನ ವಾರ ಹಲ್ಲು ಕ್ಲೀನು. ಆ ನಾಕು ಮಾತ್ರೆ ಹೆಸ್ರು ಬರ್ಕೊಡು." ಸ್ಟೆಂಟಿಗೆ ಬೇಡ, ಪೇಸ್‌ಮೇಕರಿಗೂ ಬೇಡ, ಬೀಪಿಗಂತೂ ಬೇಡವೇ ಬೇಡ ಅಂದರೆ ಅವರಿಗೆ ಬೇಜಾರು. ಹಾರ್ಟ್ ಅಂದ ಮೇಲೆ ಎಲ್ಲಾ ಒಂದೇ ಅಲ್ಲವಾ ಅಂತ. ನಿಮ್ಮ ಡಾಕ್ಟರನ್ನೇ ಕೇಳಿ ದೊಡ್ಡಪ್ಪ ಅಂದೆ. ಕೇಳಿದರಂತೆ, ಬೇಡ ಅಂದರಂತೆ. ಆದರೂ ಅವರ ಮುಖದಲ್ಲಿ ಏನೋ ಕೊಡದೆ ಉಳಿಸಿಕೊಂಡೆ ಅನ್ನುವ ಅನುಮಾನ ಇನ್ನೂ ಇದೆ.

ನನಗೆ ಆಶ್ಚರ್ಯವಾಗುವುದು ಇದೇ. ಒಂದೇ ತಾಲ್ಲೂಕಿನಲ್ಲಿ ನೆಗಡಿಗೆ, ಮೈಕೈ ನೋವಿಗೆ, ಹಲ್ಲು ಜುಮ್ಮೆಂದರೆ ಐದು ದಿನದ ಆಂಟಿಬಯಾಟಿಕ್ ಕಡಲೆಪುರಿಯ ಹಾಗೆ ಸಿಗುತ್ತದೆ. ನಿಜವಾಗಿ ಬೇಕಿದ್ದ ಒಬ್ಬಳಿಗೆ, ಬೇಕಿದ್ದ ಒಂದು ಗಂಟೆಯಲ್ಲಿ, 2022ರಲ್ಲಿ ಯಾರೂ ಕೊಡಲಿಲ್ಲ. ಮಾತ್ರೆಗೆ ಬರ ಇರಲಿಲ್ಲ. ಬರ ಇದ್ದದ್ದು ಕೇಳುವುದಕ್ಕೆ, ಹೇಳುವುದಕ್ಕೆ. ಅದರಲ್ಲಿ ನನ್ನ ಪಾಲೂ ಇತ್ತು.

ಭಾನುವಾರವೇ ಒಂದು ಹಾಳೆ ತಗೊಂಡು ಕನ್ನಡದಲ್ಲಿ ನಾಲ್ಕು ಸಾಲು ಬರೆದಿದ್ದೆ. ಆ ಡಾಕ್ಟರಮ್ಮನಿಗೆ ತೋರಿಸಿ ತಿದ್ದಿಸಿದೆ.

ನನಗೆ 2019ರಲ್ಲಿ ಹೃದಯದ ವಾಲ್ವ್ ಬದಲಾಯಿಸಿದ್ದಾರೆ.
ರಕ್ತ ತೆಳುವಾಗಿಡುವ ಮಾತ್ರೆ ತಗೋತೀನಿ.
ಹಲ್ಲಿಗೆ, ಒಸಡಿಗೆ ಕೈ ಹಾಕುವ ಮುಂಚೆ ಆಂಟಿಬಯಾಟಿಕ್ ಕೊಡಬೇಕು.
ಕಾರಣ ತಿಳಿಯದ ಜ್ವರ ಬಿಡದೆ ಇದ್ದರೆ, ಆಂಟಿಬಯಾಟಿಕ್ ಶುರುಮಾಡುವ ಮೊದಲು ರಕ್ತದ ಕಲ್ಚರ್ ಮಾಡಿಸಿ.

ನಾಲ್ಕನೆಯ ಸಾಲು ಆ ಪಕ್ಕದ ಹಾಸಿಗೆಯವರಿಂದ ಕಲಿತದ್ದು. ಮೊದಲೇ ಅರೆಬರೆ ಮಾತ್ರೆ ನುಂಗಿಬಿಟ್ಟರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕುವುದಿಲ್ಲ, ರೋಗ ಬಚ್ಚಿಟ್ಟುಕೊಳ್ಳುತ್ತದೆ. ಅದಕ್ಕೇ ನಾಲ್ಕೇ ಮಾತ್ರೆ ತಂದಿದ್ದು. ಮಿಕ್ಕಿದ್ದರೆ ಅಮ್ಮ ಸಾಸಿವೆ ಡಬ್ಬದ ಪಕ್ಕ ಎತ್ತಿಟ್ಟು, ಮುಂದಿನ ಜ್ವರಕ್ಕೆ ನುಂಗುವವಳೇ.

ಕಾರ್ಡನ್ನು ಅರಕಲಗೂಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಎಲ್ಲಿಡುವುದು? 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅಮ್ಮ ಆಧಾರ್ ಕಾರ್ಡ್ ಬಿಟ್ಟು ಹೊಸಿಲು ದಾಟುವುದಿಲ್ಲ. ಆಧಾರ್ ಬೆನ್ನಿಗೇ ಅದನ್ನು ಸಿಕ್ಕಿಸಿದೆ.

ಈಗ ಅಮ್ಮ ಇನ್ನೊಂದು ತುದಿಗೆ ಹೋಗಿದ್ದಾಳೆ. ಕಣ್ಣು ತೋರಿಸಲು ಹೋದರೂ ವಾಲ್ವ್ ಐತೆ ಅನ್ನುತ್ತಾಳೆ. ರವಿಕೆ ಅಳತೆ ಕೊಡುವಾಗ ಟೈಲರಿಗೂ ಹೇಳಿದಳಂತೆ. ಹೇಳಲಿ ಬಿಡಿ. ದಿನಕ್ಕೆರಡು ಸಲ ಹಲ್ಲುಜ್ಜು ಅನ್ನುವುದು ಮಾತ್ರ ಇನ್ನೂ ಪೂರ್ತಿ ತಲೆಗೆ ಹೋಗಿಲ್ಲ. ವರ್ಷಕ್ಕೊಮ್ಮೆ ನುಂಗುವ ನಾಲ್ಕು ಮಾತ್ರೆಗಿಂತ ದಿನದ ಆ ಐದು ನಿಮಿಷವೇ ವಾಲ್ವನ್ನು ಹೆಚ್ಚು ಕಾಯುವುದು ಅಂತ ಡಾಕ್ಟರಮ್ಮನೂ ಹೇಳಿದ್ದಾರೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ಊಟ ಆಯ್ತಾ" ಅನ್ನುವ ಬದಲು "ಹಲ್ಲುಜ್ಜಿದ್ಯಾ" ಅಂತ ಕೇಳುತ್ತೇನೆ. ಚಿಕ್ಕವನಿದ್ದಾಗ ಅವಳು ಕೇಳುತ್ತಿದ್ದ ಪ್ರಶ್ನೆ. "ಹೂಂ ಕಣಪ್ಪ" ಅನ್ನುತ್ತಾಳೆ, ನಾನು ಆಗ ಅನ್ನುತ್ತಿದ್ದ ಹಾಗೆಯೇ. ನಂಬುವುದು ಕಷ್ಟ.

ಮೊನ್ನೆ ಹಬ್ಬಕ್ಕೆ ಹೋಗಿದ್ದೆ. ರಾತ್ರಿ ಕರೆಂಟು ಹೋಯಿತು. ಕತ್ತಲಲ್ಲಿ ಮಲಗಿ ಕೇಳಿಸಿಕೊಂಡೆ. ಟಿಕ್ ಟಿಕ್ ಟಿಕ್... ಹಿತ್ತಲಲ್ಲಿ ಕಪ್ಪೆ, ಒಳಗೆ ಅಮ್ಮ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಾಳೆ ಯಾವುದಾದರೂ ಡ್ರಾಯರಿನಲ್ಲಿ ಇರಬಹುದು. ಒಮ್ಮೆ ತೆಗೆದು, ಅದು ಯಾರದ್ದೋ ಅವರಿಗೆ, ಅವರ ಭಾಷೆಯಲ್ಲಿ ಓದಿ ಹೇಳಿ.